ಫ್ಲೋರೊ ಇರುವ ಕಲ್ಲನ್ನು ನಾನು ನೋಡುವ ರೀತಿ

ಬೆಂಗಳೂರಿನಲ್ಲಿ ನಮ್ಮದು ಆರ್ಡರ್ ಮೇಲೆ ವಜ್ರದ ಒಡವೆ ಮಾಡಿಕೊಡುವ ಸಣ್ಣ ಅಂಗಡಿ. ಏಳು ಕಲ್ಲಿನ ಓಲೆ, ಮೂಗುಬೊಟ್ಟು, ನಿಶ್ಚಿತಾರ್ಥದ ಉಂಗುರ, ಹೆಚ್ಚಾಗಿ ಇವೇ. ಉಂಗುರಕ್ಕೆ ಬರುವ ಹುಡುಗ ಹುಡುಗಿಯರು ಈಗ ಜಿಐಎ (ವಜ್ರ ಪರೀಕ್ಷಿಸಿ ದರ್ಜೆ ಕೊಡುವ ಅಮೆರಿಕದ ಸಂಸ್ಥೆ) ಸರ್ಟಿಫಿಕೇಟ್ ಓದೋದನ್ನು ಮನೆಯಲ್ಲೇ ಕಲಿತುಕೊಂಡು ಬರುತ್ತಾರೆ. ಕಲರ್, ಕ್ಲ್ಯಾರಿಟಿ, ಕಟ್ ಎಲ್ಲ ಒಪ್ಪಿಗೆಯಾಗುತ್ತದೆ. ಕೆಳಗಿನ ಸಾಲಿನಲ್ಲಿ ‘ಸ್ಟ್ರಾಂಗ್ ಬ್ಲೂ’ ಫ್ಲೋರೊಸೆನ್ಸ್ (ನಮ್ಮ ಬಾಯಲ್ಲಿ ಫ್ಲೋರೊ) ಅಂತ ಕಂಡ ತಕ್ಷಣ ಮುಖ ಸಪ್ಪಗಾಗುತ್ತದೆ. “ಸಾರ್, ಇದು ದೋಷ ಅಲ್ವಾ?”

ಅಲ್ಲ. ವಜ್ರದೊಳಗೆ ಒಂದು ಖಾಲಿ ಜಾಗದ ಸುತ್ತ ಸಾರಜನಕದ ಮೂರು ಪರಮಾಣುಗಳು ಕೂತಿದ್ದರೆ ಅದು ಯುವಿ (ಅತಿನೇರಳೆ) ಕಿರಣವನ್ನು ಹೀರಿಕೊಂಡು ನೀಲಿ ಬೆಳಕು ಬಿಡುತ್ತದೆ. ಅಷ್ಟೇ ವಿಷಯ. ಜಿಐಎ ಪ್ರಕಾರ ನೂರು ವಜ್ರಗಳಲ್ಲಿ 25ರಿಂದ 35 ಕಲ್ಲುಗಳಿಗೆ ಈ ಗುಣ ಇರುತ್ತದೆ. ಅವುಗಳಲ್ಲಿ ಶೇ. 95ಕ್ಕಿಂತ ಹೆಚ್ಚಿನವು ಬೆಳಗುವುದು ನೀಲಿಯಾಗಿಯೇ.

ತಮಾಷೆ ಅಂದರೆ, ನಮ್ಮ ಕಡೆ ಹಳಬರು ಈ ನೀಲಿಯನ್ನು ಕೇಳಿ ಕೊಳ್ಳುತ್ತಿದ್ದರು. ಓಲೆ ವ್ಯಾಪಾರದಲ್ಲಿ ‘ಬ್ಲೂ ಜಾಗರ್’ ಅನ್ನುವ ಹೆಸರಿಗೆ ಇವತ್ತಿಗೂ ಗತ್ತು ಇದೆ. ದಕ್ಷಿಣ ಆಫ್ರಿಕಾದ ಜಾಗರ್ಸ್‌ಫಾಂಟೇನ್ ಗಣಿಯಿಂದ ಬಂದ ಹೆಸರದು. ಬೆಳ್ಳಗಿನ ಕಲ್ಲು, ಹಗಲು ಬೆಳಕಿನಲ್ಲಿ ತುಸು ನೀಲಿ ಛಾಯೆ. ಆ ಗಣಿ 1971ರಲ್ಲೇ ಮುಚ್ಚಿತು, ಹೆಸರು ಮಾತ್ರ ವ್ಯಾಪಾರದಲ್ಲಿ ಉಳಿದುಕೊಂಡಿತು. ಒಮ್ಮೆ ಅಜ್ಜಿ, ಮೊಮ್ಮಗಳು ಒಟ್ಟಿಗೆ ಬಂದಿದ್ದರು. ಅಜ್ಜಿಗೆ ಬ್ಲೂ ಜಾಗರ್ ಬೇಕು, ಮೊಮ್ಮಗಳಿಗೆ ಫ್ಲೋರೊ ‘ನನ್’, ಅಂದರೆ ಇಲ್ಲವೇ ಇಲ್ಲ ಅಂತ ಇರಬೇಕು. “ನೀಲಿ ಹೊಡೆಯದ ವಜ್ರ ಏನು ವಜ್ರಾನೇ, ಗಾಜು ಹಾಕ್ಕೊಂಡ ಹಾಗೆ” ಅಂತ ಅಜ್ಜಿ ಅಂದರು. ನಾನು ಬಾಯಿ ಹಾಕಲಿಲ್ಲ.

ಈಗ ನೋಡುವ ಕ್ರಮಕ್ಕೆ ಬರುತ್ತೇನೆ. ಮೊದಲು ಕಲ್ಲನ್ನು ಸ್ಪಿರಿಟ್‌ನಲ್ಲಿ ಒರೆಸುತ್ತೇನೆ. ಬೆರಳಿನ ಜಿಡ್ಡು ಕಲ್ಲಿನ ತಳಕ್ಕೆ ಮೆತ್ತಿದ್ದರೆ ಎಂಥ ವಜ್ರವೂ ಮಂಕಾಗುತ್ತದೆ. ಪಾಪ, ಅದರ ಪಾಪವೂ ಫ್ಲೋರೊ ತಲೆಗೇ ಬೀಳುತ್ತದೆ. ಆಮೇಲೆ ಯುವಿ ಟಾರ್ಚ್. 365 ನ್ಯಾನೋಮೀಟರ್‌ನದ್ದೇ ಬೇಕು. ಅಗ್ಗದ 395ರ ಟಾರ್ಚುಗಳು ತಾವೇ ನೇರಳೆ ಬೆಳಕು ಚೆಲ್ಲುತ್ತವೆ, ಕಲ್ಲು ಬೆಳಗುತ್ತಿದೆಯೋ ಟಾರ್ಚ್ ಬೆಳಗುತ್ತಿದೆಯೋ ಗೊತ್ತಾಗುವುದಿಲ್ಲ.

ಆದರೆ ಟಾರ್ಚ್ ಹೇಳುವುದು ನೀಲಿ ಎಷ್ಟಿದೆ ಅಂತ ಮಾತ್ರ. ಕಲ್ಲು ಚೆನ್ನಾಗಿ ಕಾಣುತ್ತದೋ ಇಲ್ಲವೋ ಅಂತ ಬಿಸಿಲೇ ಹೇಳಬೇಕು. ಅಂಗಡಿಯ ಮೆಟ್ಟಿಲಿನ ಮೇಲೆ ಹನ್ನೊಂದು ಗಂಟೆಯ ಬಿಸಿಲಿಗೆ ಎರಡು ಕಲ್ಲು ಹಿಡಿಯುತ್ತೇನೆ. ಒಂದು ಪರೀಕ್ಷೆಯ ಕಲ್ಲು, ಇನ್ನೊಂದು ಅದೇ ಅಳತೆಯ, ಫ್ಲೋರೊ ಇಲ್ಲದ ಕಲ್ಲು. ಟೇಬಲ್ (ಕಲ್ಲಿನ ಮೇಲಿನ ಚಪ್ಪಟೆ ಮುಖ) ಮೂಲಕ ಒಳಗೆ ನೋಡಿದಾಗ ತಳದ ಮುಖಗಳ ಅಂಚು ಗೆರೆ ಎಳೆದಂತೆ ಚೂಪಾಗಿ ಕಂಡರೆ ಚಿಂತೆಯಿಲ್ಲ. ಅಂಚುಗಳು ಕರಗಿ, ಕಪ್ಪು ಇರಬೇಕಾದ ಜಾಗ ಬೂದಿ ಬಣ್ಣಕ್ಕೆ ತಿರುಗಿದರೆ ಅದು ಮಿಲ್ಕಿ. ಅಂಥ ಕಲ್ಲನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ನಾನು ಮುಟ್ಟುವುದಿಲ್ಲ. ಇವು ಅಪರೂಪ. ಜಿಐಎಗೆ ಬಂದ ಫ್ಲೋರೊ ಕಲ್ಲುಗಳಲ್ಲಿ ಇಂಥವು ಶೇ. 0.2ಕ್ಕಿಂತಲೂ ಕಡಿಮೆ. ಹೀಗೆ ಮಸುಕಾಗಲು ಕಲ್ಲಿನ ರಚನೆಯಲ್ಲಿರುವ ತೀರ ಸಣ್ಣ ಕೊರತೆಗಳು ಕಾರಣ, ಜೋರಾದ ಫ್ಲೋರೊ ಅದನ್ನು ಇನ್ನಷ್ಟು ಎದ್ದು ಕಾಣಿಸುತ್ತದೆ.

ಬಣ್ಣದ ವಿಷಯದಲ್ಲಿ ಫ್ಲೋರೊ ನಮ್ಮ ಪರವಾಗಿಯೇ ಕೆಲಸ ಮಾಡುತ್ತದೆ. ಕಲರ್ ಗ್ರೇಡ್ ಶುರುವಾಗುವುದು ಬಣ್ಣವಿಲ್ಲದ ಡಿ ಇಂದ, ಅಕ್ಷರ ಮುಂದೆ ಹೋದಂತೆ ಹಳದಿ ಹೆಚ್ಚು. ಐ, ಜೆ, ಕೆ ಕಲ್ಲುಗಳಲ್ಲಿ ಇರುವ ಸಣ್ಣ ಹಳದಿಯನ್ನು ನೀಲಿ ಹೊಡೆದುಹಾಕುತ್ತದೆ, ಬಿಳಿ ಪಂಚೆಗೆ ಕೊನೆಯಲ್ಲಿ ನೀಲಿ ಹಾಕಿದ ಹಾಗೆ. 1997ರಲ್ಲಿ ಜಿಐಎ ಬೇರೆ ಬೇರೆ ಜನರಿಗೆ ಕಲ್ಲು ತೋರಿಸಿ ನಡೆಸಿದ ಅಧ್ಯಯನದಲ್ಲೂ ಇದೇ ಬಂತು. ಮೇಲಿಂದ ನೋಡಿದಾಗ ಸ್ಟ್ರಾಂಗ್ ಬ್ಲೂ ಕಲ್ಲುಗಳು ಒಟ್ಟಾರೆ ಇನ್ನೂ ಬೆಳ್ಳಗೆ ಕಂಡವು.

ಇಲ್ಲಿ ಒಂದು ಎಚ್ಚರಿಕೆ. ಈ ಬಿಳುಪು ಯುವಿ ಇದ್ದಾಗ ಮಾತ್ರ. ಮನೆಯ ಎಲ್‌ಇಡಿ ಬಲ್ಬಿನಲ್ಲಿ ಯುವಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ನನ್ನ ಮೇಜಿನ ಡ್ರಾದಲ್ಲಿ ಪಾರದರ್ಶಕ ಪಾಲಿಕಾರ್ಬೊನೇಟ್ ಹಾಳೆಯ ಒಂದು ತುಂಡು ಇಟ್ಟಿದ್ದೇನೆ. ಅದು ಯುವಿಯನ್ನು ತಡೆಯುತ್ತದೆ. ಕಿಟಕಿಯ ಬೆಳಕಿನಲ್ಲಿ ಕಲ್ಲನ್ನು ಬಿಳಿ ಕಾರ್ಡಿನ ಮೇಲೆ ಬೋರಲು ಇಟ್ಟು, ಆ ಹಾಳೆಯನ್ನು ಅಡ್ಡ ಹಿಡಿದು ತೆಗೆದು ನೋಡುತ್ತೇನೆ. ಹಾಳೆ ಅಡ್ಡ ಬಂದಾಗ ಹಳದಿ ಇಣುಕಿದರೆ, ರಾತ್ರಿ ರಿಸೆಪ್ಶನ್ನಿನಲ್ಲಿ ಆ ಉಂಗುರ ಹೇಗೆ ಕಾಣುತ್ತದೆ ಅಂತ ಗಿರಾಕಿಗೆ ಅಲ್ಲೇ ತೋರಿಸಿದಂತಾಯಿತು. ಇಷ್ಟು ಸುಲಭದ ಪರೀಕ್ಷೆಯನ್ನು ಅಂಗಡಿಗಳು ಯಾಕೆ ಮಾಡುವುದಿಲ್ಲವೋ ನನಗಂತೂ ಅರ್ಥವಾಗಿಲ್ಲ. ಮಾಡಿದರೆ ವ್ಯಾಪಾರ ಕೆಡುತ್ತದೆ ಅಂತ ಇರಬಹುದು.

ದರದ ಮಾತು. ಮುಂಬೈನ ಭಾರತ್ ಡೈಮಂಡ್ ಬೋರ್ಸ್‌ನಲ್ಲಿ ಚೌಕಾಸಿ ಶುರುವಾಗುವುದೇ ರ್‍ಯಾಪ್ ಲಿಸ್ಟಿನಿಂದ (ವ್ಯಾಪಾರಿಗಳು ಆಧಾರವಾಗಿ ಹಿಡಿಯುವ ದರಪಟ್ಟಿ) ಎಷ್ಟು ‘ಬ್ಯಾಕ್’ ಅಂತ. ಲಿಸ್ಟ್ ದರಕ್ಕಿಂತ ಇಷ್ಟು ಪರ್ಸೆಂಟ್ ಕೆಳಗೆ ಅಂತ ಅರ್ಥ. ಫ್ಲೋರೊ ಇದ್ದರೆ ಬ್ಯಾಕ್ ಇನ್ನಷ್ಟು ಹೆಚ್ಚುತ್ತದೆ. ಡಿ, ಇ, ಎಫ್ ಕಲರಿಗೆ ಏಟು ಜಾಸ್ತಿ. ನಾನು ಕಂಡಂತೆ ಸ್ಟ್ರಾಂಗ್ ಇದ್ದರೆ ಶೇ. 10–15, ಕ್ಲ್ಯಾರಿಟಿಯೂ ಮೇಲಿನದಾದರೆ ಇನ್ನೂ ಹೆಚ್ಚು. ಫೇಂಟ್, ಅಂದರೆ ತೀರ ಮಂದ ಇದ್ದರೆ ದರ ಹೆಚ್ಚೇನೂ ಇಳಿಸುವುದಿಲ್ಲ. ಐ, ಜೆ ಕಡೆ ಬಂದರೆ ವ್ಯತ್ಯಾಸ ಕರಗುತ್ತಾ ಹೋಗುತ್ತದೆ. ಕೆಲವು ದಲ್ಲಾಳಿಗಳು “ಫೇಸ್ ನೋಡಿ ಸೇಠ್, ಎಚ್ ಥರಾ ಇದೆ” ಅಂತ ಇಳಿಸಲು ಒಪ್ಪುವುದೇ ಇಲ್ಲ.

ನನ್ನ ಲೆಕ್ಕ ಸರಳ. ಉಂಗುರಕ್ಕಾದರೆ ಎಚ್, ಐ ಕಲರಿನ ಮೀಡಿಯಂ ಅಥವಾ ಸ್ಟ್ರಾಂಗ್ ಬ್ಲೂ ಕಲ್ಲನ್ನು ಬಿಸಿಲಿಗೆ ಹಿಡಿದು, ಸ್ವಚ್ಛವಾಗಿ ಕಂಡರೆ ಕಣ್ಣು ಮುಚ್ಚಿ ತಗೊಳ್ಳುತ್ತೇನೆ. ಡಿ ಕಲರ್ ಬೇಕೇ ಬೇಕು ಅನ್ನುವವರಿಗೆ ಫ್ಲೋರೊ ಇಲ್ಲದ್ದನ್ನೇ ಕೊಡುತ್ತೇನೆ. ಅವರು ಕಾಸು ಕೊಡುವುದು ಕಾಗದಕ್ಕೆ, ನಾಳೆ ಮಾರುವಾಗಲೂ ಕೊಳ್ಳುವವನು ಕಾಗದವನ್ನೇ ನೋಡುತ್ತಾನೆ. ಹಳದಿಯಾಗಿ ಬೆಳಗುವ ಕಲ್ಲು ಬೇಡವೇ ಬೇಡ, ಅದು ಇರುವ ಹಳದಿಗೆ ಇನ್ನಷ್ಟು ಸೇರಿಸುತ್ತದೆ.

ಓಲೆಯ ಕಥೆ ಬೇರೆ. ಎಂಟು ಹತ್ತು ಸೆಂಟಿನ (ನೂರು ಸೆಂಟಿಗೆ ಒಂದು ಕ್ಯಾರೆಟ್) ಹದಿನಾಲ್ಕು ಕಲ್ಲು, ಬಿಡಿ ಕಲ್ಲಿಗೆ ಸರ್ಟಿಫಿಕೇಟ್ ಇರುವುದಿಲ್ಲ. ಪೊಟ್ಟಣದ ಮೇಲೆ ‘ನೋ ಬಿಜಿಎಂ’ ಅಂತ ಬರೆದಿರುತ್ತದೆ. ಬ್ರೌನ್, ಗ್ರೀನ್, ಮಿಲ್ಕಿ ಇಲ್ಲ ಅಂತ ಮಾತ್ರ ಅದರರ್ಥ, ಫ್ಲೋರೊ ಬಗ್ಗೆ ಅದು ಮಾತಾಡುವುದಿಲ್ಲ. ಲೈಟ್ ಆರಿಸಿ, ಕಪ್ಪು ಬಟ್ಟೆಯ ಮೇಲೆ ಹರಡಿ ಟಾರ್ಚ್ ಬಿಟ್ಟರೆ ಮೂರು ಜಾತಿ ಕಾಣುತ್ತವೆ: ಸುಮ್ನೆ ಕೂತವು, ಮಂದವಾಗಿ ಬೆಳಗುವವು, ಉರಿಯುವವು. ಎರಡು ಕಿವಿಗೂ ಒಂದೇ ಜಾತಿ ಹಂಚುತ್ತೇನೆ. ಇಲ್ಲದಿದ್ದರೆ ಮಧ್ಯಾಹ್ನ ದೇವಸ್ಥಾನದ ಪ್ರಾಕಾರದಲ್ಲಿ ಒಂದು ಕಿವಿಯ ನಡುವಿನ ಕಲ್ಲು ಮಾತ್ರ ನೀಲಿ ಹೊಡೆಯುತ್ತದೆ, ಫೋನ್ ಬರುತ್ತದೆ.

ಹಳೆ ಓಲೆಗೆ ಟಾರ್ಚ್ ಬಿಟ್ಟಾಗ ಒಂದೊಂದು ಕಲ್ಲು ಒಂದೊಂದು ಥರ ಬೆಳಗಿದರೆ ಗಣಿಯ ಕಲ್ಲುಗಳು ಅನ್ನುವುದಕ್ಕೆ ಅದು ಒಳ್ಳೆಯ ಸೂಚನೆ. ಹದಿನಾಲ್ಕೂ ಕತ್ತಲೆಯಾಗಿದ್ದರೆ ಲ್ಯಾಬಿನಲ್ಲಿ ಬೆಳೆಸಿದ ವಜ್ರ ಅಂತ ತೀರ್ಮಾನಿಸಲು ಆಗುವುದಿಲ್ಲ. ಆರಿಸಿ ಹಾಕಿದ ‘ನನ್’ ಕಲ್ಲುಗಳೂ ಹಾಗೇ ಇರುತ್ತವೆ. ಅಂಥದ್ದನ್ನು ನಾನು ವಜ್ರ ಪರೀಕ್ಷಿಸುವ ಲ್ಯಾಬಿಗೆ ಕಳಿಸುತ್ತೇನೆ, ಫೀಸು ಗಿರಾಕಿಯದ್ದು.