ಎಥನಾಲ್‌ನಿಂದ ಹೈಡ್ರೋಜನ್: ಪಲ್ಲೇಡಿಯಂ ಜೊತೆ ನನ್ನ ಅನುಭವ

ಕ್ಷಾರದ ನೀರಿಗೆ ಎಥನಾಲ್ ಬೆರೆಸಿ ಕರೆಂಟ್ ಕೊಟ್ಟು, ನೀರನ್ನಷ್ಟೇ ಒಡೆಯುವುದಕ್ಕಿಂತ ಕಡಿಮೆ ವೋಲ್ಟೇಜ್‌ನಲ್ಲಿ ಹೈಡ್ರೋಜನ್ ತೆಗೆಯಬೇಕು ಅನ್ನೋದು ನನ್ನ ಗುರಿ. ಆನೋಡ್‌ಗೆ, ಅಂದರೆ ಎಥನಾಲ್ ಆಕ್ಸಿಡೈಜ್ ಆಗುವ ಎಲೆಕ್ಟ್ರೋಡ್‌ಗೆ, ನಾನು ಶುರು ಮಾಡಿದ್ದು ನಿಕಲ್ ಫೋಮ್‌ನಿಂದ, ಅಂದರೆ ಸ್ಪಂಜಿನಂತೆ ರಂಧ್ರಗಳಿರುವ ನಿಕಲ್‌ನಿಂದ. ಅಗ್ಗ, ಸುಲಭವಾಗಿ ಸಿಗುತ್ತದೆ. ಆಸಿಡ್‌ನಲ್ಲಿ ತೊಳೆದು, 1 ಮೋಲಾರ್ (ಲೀಟರ್‌ಗೆ ಒಂದು ಮೋಲ್) ಕೆಒಎಚ್, ಅಂದರೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ, 1 ಮೋಲಾರ್‌ನಷ್ಟೇ ಎಥನಾಲ್ ಬೆರೆಸಿ ಕರೆಂಟ್ ಕೊಟ್ಟೆ. ಕೆಲಸ ಮಾಡಿತು, ಆದರೆ ಸುಮಾರು 1.35 ವೋಲ್ಟ್ ದಾಟುವವರೆಗೂ ಅದು ಅಲ್ಲಾಡಲೇ ಇಲ್ಲ. ನಿಕಲ್ ಮೊದಲು ತಾನೇ ಆಕ್ಸಿಡೈಜ್ ಆಗಬೇಕು, ಆಮೇಲೇ ಎಥನಾಲ್ ಮುಟ್ಟುತ್ತದೆ. ನೀರನ್ನು ಒಡೆಯೋಕೆ ಲೆಕ್ಕದ ಪ್ರಕಾರ ಬೇಕಾದದ್ದೇ 1.23 ವೋಲ್ಟ್, ನಿಜವಾದ ಸೆಲ್‌ನಲ್ಲಿ 1.8ರ ಹತ್ತಿರ ಹೋಗುತ್ತದೆ. ನಿಕಲ್‌ನಿಂದ ಉಳಿತಾಯ ಇದೆ, ಆದರೆ ಎಥನಾಲ್ ಖರ್ಚು ಮಾಡಿ ಇಷ್ಟೇ ಉಳಿಸೋದಾ ಅನ್ನಿಸಿತು.

ಹಾಗಾಗಿ ಪಲ್ಲೇಡಿಯಂಗೆ ಬಂದೆ. ಕಾರ್ಬನ್ ಪುಡಿಯ ಮೇಲೆ ಕೂರಿಸಿದ ಪಲ್ಲೇಡಿಯಂ, ಪುಡಿಯನ್ನು ಹಿಡಿದಿಡಲು ಸ್ವಲ್ಪ ನಾಫಿಯಾನ್ ಅನ್ನೋ ಪಾಲಿಮರ್, ನೀರು, ಐಸೊಪ್ರೊಪನಾಲ್, ಎಲ್ಲ ಸೇರಿಸಿ ಇಂಕ್ ಮಾಡಿ ಹಚ್ಚಿದೆ. 0.8 ವೋಲ್ಟ್‌ಗೇ ಹೈಡ್ರೋಜನ್ ಬರುವ ಎಲೆಕ್ಟ್ರೋಡ್ ಆದ ಕ್ಯಾಥೋಡ್‌ನಿಂದ ಗುಳ್ಳೆಗಳು ಸಾಲಾಗಿ ಎದ್ದವು, ಆನೋಡ್ ಮಾತ್ರ ಸುಮ್ನೆ ಇತ್ತು. ಅಲ್ಲಿ ಗ್ಯಾಸ್ ಬರುವುದಿಲ್ಲ, ಎಥನಾಲ್ ಹೆಚ್ಚಾಗಿ ಅಸಿಟೇಟ್ (ವಿನೆಗರ್ ಆಮ್ಲದ ಲವಣ ರೂಪ) ಆಗಿ ದ್ರಾವಣದಲ್ಲೇ ಉಳಿಯುತ್ತದೆ. ಒಂದು ಎಥನಾಲ್ ಅಣುವಿಗೆ ಎರಡು ಹೈಡ್ರೋಜನ್ ಅಣು ಸಿಗುತ್ತವೆ. ಒಂದು ಕಿಲೋ ಹೈಡ್ರೋಜನ್‌ಗೆ ಪ್ರತಿ ವೋಲ್ಟ್‌ಗೆ ಸುಮಾರು 26.6 ಯೂನಿಟ್ ಕರೆಂಟ್ ಬೇಕು, ಅಂದರೆ 1.8 ವೋಲ್ಟ್‌ಗೆ 48 ಯೂನಿಟ್, 0.8ಕ್ಕೆ ಬರೀ 21. ಇದಕ್ಕೇ ಅಲ್ವಾ ನಾವು ಒದ್ದಾಡುವುದು!

ಆ ಖುಷಿ ಒಂದು ಗಂಟೆ ಇರಲಿಲ್ಲ. ಕರೆಂಟ್ ಇಳಿಯುತ್ತಾ ಹೋಗಿ ಅರ್ಧಕ್ಕೆ ಬಂತು. ಪುಡಿ ಉದುರಿತೇನೋ ಅಂತ ಎಲೆಕ್ಟ್ರೋಡ್ ತೆಗೆದು ನೋಡಿದೆ, ಹಚ್ಚಿದ ಹಾಗೇ ಇತ್ತು. ದ್ರಾವಣ ಬದಲಿಸಿದೆ, ಹೆಚ್ಚು ಫರಕ್ ಆಗಲಿಲ್ಲ. ಕೊನೆಗೆ ಹತ್ತು ನಿಮಿಷ ಸೆಲ್ ಆಫ್ ಮಾಡಿ, ಬೇರೆ ಕೆಲಸ ನೋಡಿಕೊಂಡು ಬಂದು ಮತ್ತೆ ಆನ್ ಮಾಡಿದಾಗ ಕರೆಂಟ್ ಮೊದಲಿನ ಮಟ್ಟಕ್ಕೆ ಹತ್ತಿರ ಬಂದಿತ್ತು. ಆನೋಡ್ ಪೊಟೆನ್ಷಿಯಲ್ ಏರಿದರೆ ಪಲ್ಲೇಡಿಯಂ ಮೇಲೆ ಆಕ್ಸೈಡ್ ಪದರ ಕೂರುತ್ತದೆ, ಎಥನಾಲ್‌ಗೆ ಜಾಗ ಸಿಗುವುದಿಲ್ಲ. ಸೆಲ್ ಆಫ್ ಮಾಡಿದರೆ ಅದೇ ಎಥನಾಲ್ ಆ ಆಕ್ಸೈಡನ್ನು ಮತ್ತೆ ಲೋಹ ಮಾಡಿಬಿಡುತ್ತದೆ! ಪೂರ್ತಿ ಅಲ್ಲ, ಪಲ್ಲೇಡಿಯಂಗೆ ಅಂಟಿಕೊಂಡ ಎಥನಾಲ್ ಅಣುವಿನ ತುಣುಕುಗಳು ಸ್ವಲ್ಪ ಉಳಿಯುತ್ತವೆ, ಆದರೂ ದಿನವಿಡೀ ಓಡಿಸಲು ಅಷ್ಟು ಸಾಕು. ಈಗ ಟೈಮರ್ ಇಟ್ಟು ಆಗಾಗ ವಿರಾಮ ಕೊಡುತ್ತೇನೆ.

ಇನ್ನೊಂದು ವಿಷಯ. ದ್ರಾವಣ ನಿಧಾನವಾಗಿ ಹಳದಿಗೆ ತಿರುಗಿದರೆ ಗಾಬರಿಯಾಗಬೇಡಿ, ಅದು ಎಥನಾಲ್ ಅರ್ಧ ಆಕ್ಸಿಡೈಜ್ ಆದಾಗ ಬರುವ ಅಸಿಟಾಲ್ಡಿಹೈಡ್ ಕ್ಷಾರದಲ್ಲಿ ಒಂದಕ್ಕೊಂದು ಸೇರಿಕೊಳ್ಳುವುದು. ಆದರೆ ಪ್ರತಿ ಅಸಿಟೇಟ್ ಒಂದೊಂದು ಹೈಡ್ರಾಕ್ಸೈಡ್ ತಿನ್ನುತ್ತದೆ, ಹಾಗಾಗಿ ಕೆಒಎಚ್ ಆಗಾಗ ಪರೀಕ್ಷಿಸಿ ಸೇರಿಸಬೇಕು. ಗ್ಯಾಸನ್ನೂ ಅಳೆಯಿರಿ: 100 ಮಿಲಿಆಂಪ್ ಒಂದು ಗಂಟೆ ಹರಿದರೆ ಕೋಣೆಯ ಉಷ್ಣಾಂಶದಲ್ಲಿ ಸುಮಾರು 45 ಮಿಲಿಲೀಟರ್ ಹೈಡ್ರೋಜನ್ ಬರಬೇಕು. ನನಗೆ ಮೊದಲ ಸಲ ಬಂದದ್ದು 38. ಟ್ಯೂಬ್ ಜಾಯಿಂಟ್‌ಗೆ ಸೋಪ್ ನೀರು ಹಚ್ಚಿದಾಗ ಲೀಕ್ ಸಿಕ್ಕಿತು.