ಹೊಸಬರಿಗೆ ಮಾರ್ಗದರ್ಶಿ: ಹೊರಗಡೆ ನಿಲ್ಲಿಸೋ ಕಾರಿಗೆ ವಿಂಡ್‌ಶೀಲ್ಡ್ ಕವರ್

ಮನೆ ಸಿಕ್ತು, ಮಕ್ಕಳಿಗೆ ಸ್ಕೂಲ್ ಸಿಕ್ತು, ಒಂದು ಕಾರೂ ತಗೊಂಡಾಯ್ತು ಅಂದ್ರೆ ಈ ಚಳಿ ಊರಿಗೆ ಹೊಸದಾಗಿ ಬಂದ ಕುಟುಂಬಕ್ಕೆ ಅರ್ಧ ಟೆನ್ಶನ್ ಇಳಿದಂಗೆ. ಆದ್ರೆ ಗ್ಯಾರೇಜ್ ಇಲ್ದೆ ಕಾರನ್ನ ಹೊರಗಡೆನೇ ನಿಲ್ಸೋರು ಇದನ್ನ ಚಳಿಗಾಲ ಶುರುವಾಗೋಕೆ ಮುಂಚೆನೇ ಓದ್ಕೊಳಿ ದಯವಿಟ್ಟು, ಯಾಕಂದ್ರೆ ಪ್ರತಿ ವರ್ಷ ಮೊದಲ ಫ್ರಾಸ್ಟ್ (ರಾತ್ರಿ ತೇವ ಹೆಪ್ಪುಗಟ್ಟಿ ಕೂರೋ ಬಿಳಿ ಐಸ್) ಬಿದ್ದ ದಿನ ನಮ್ಮ ಸಂಘದ ಗ್ರೂಪಲ್ಲಿ ಬೆಳಿಗ್ಗೆ ಏಳು ಗಂಟೆಗೆ ಅದೇ ಪ್ರಶ್ನೆ ಬರತ್ತೆ, ಗ್ಲಾಸ್ ಪೂರ್ತಿ ಬೆಳ್ಳಗಾಗಿದೆ ಏನ್ ಮಾಡೋದು ಅಂತ. ಆ ಹೊತ್ತಿಗೆ ಮಾಡೋಕೆ ಜಾಸ್ತಿ ಏನೂ ಉಳಿದಿರಲ್ಲ, ಕೆರೀಬೇಕು ಇಲ್ಲಾ ಹೀಟರ್ ಹಾಕಿ ಕಾಯ್ಬೇಕು ಅಷ್ಟೇ. ಹಿಂದಿನ ರಾತ್ರಿನೇ ಮುಂದಿನ ಗ್ಲಾಸಿಗೆ ಕವರ್ ಹಾಕ್ಬೇಕು, ಅದಕ್ಕೆ ಎರಡು ನಿಮಿಷ ಸಾಕು.

ನಾವು ಬಂದ ಮೊದಲ್ನೇ ವರ್ಷ ಒಂದು ಹಳೇ ಬೆಡ್‌ಶೀಟ್ ಹೊದಿಸಿ, ಎರಡೂ ತುದಿನ ಬಾಗಿಲಿಗೆ ಸಿಕ್ಕಿಸಿ ಮಲಗಿದ್ವಿ. ಸಂಜೆ ತುಂತುರು ಮಳೆ ಬಂದಿತ್ತು, ಗ್ಲಾಸ್ ಒದ್ದೆ ಇತ್ತು, ಅದು ತಲೆಗೇ ಹೋಗ್ಲಿಲ್ಲ. ಬೆಳಿಗ್ಗೆ ನೋಡಿದ್ರೆ ಬಟ್ಟೆ ಹಲಗೆ ಥರ ಗಟ್ಟಿಯಾಗಿ ಗ್ಲಾಸಿಗೆ ಕಚ್ಕೊಂಡಿದೆ. ಎಳೆದ್ರೆ ಪರ್ ಅಂತ ಹರಿದು ಒಂದು ತುಂಡು ಕೈಗೆ ಬಂತು, ಮಿಕ್ಕಿದ್ದು ವೈಪರ್ ಕೆಳಗೆ ರಬ್ಬರ್ ಸಮೇತ ಅಂಟ್ಕೊಂಡೇ ಇತ್ತು. ಹೀಟರ್ ಹಾಕಿ 25 ನಿಮಿಷ ಕಾದ ಮೇಲೆ ಬಿಡ್ತು. ಅವತ್ತು ಮಗಳಿಗೆ ಟೆಸ್ಟ್ ಇತ್ತು, ಹಿಂದಿನ ಸೀಟಲ್ಲಿ ಬ್ಯಾಗ್ ತಬ್ಕೊಂಡು ಅಳ್ತಾ ಕೂತಿದ್ಲು. ಅದು ಇನ್ನೊಂದು ಮನೇಲಿ ಆಗಬಾರದು ಅಂತಾನೇ ಇಷ್ಟು ಉದ್ದ ಬರೀತಿದೀನಿ.

ತುಂಬಾ ಜನ ಕೇಳ್ತಾರೆ, ಫೋನಲ್ಲಿ 2 ಡಿಗ್ರಿ ತೋರಿಸ್ತಿತ್ತು, ಸೊನ್ನೆಗೆ ಇಳಿದೇ ಇಲ್ಲ, ಐಸ್ ಹೆಂಗೆ ಬಂತು ಅಂತ. ಮೋಡ ಇಲ್ಲದ ರಾತ್ರಿ ಆಕಾಶಕ್ಕೆ ಮುಖ ಮಾಡಿರೋ ಯಾವ ವಸ್ತು ಆದ್ರೂ ತನ್ನ ಶಾಖನ ಮೇಲಕ್ಕೆ ಬಿಟ್ಕೊಡ್ತಾ ಇರತ್ತೆ, ಹಂಗಾಗಿ ಗ್ಲಾಸು ಸುತ್ತಲಿನ ಗಾಳಿಗಿಂತ ಜಾಸ್ತಿ ತಣ್ಣಗಾಗತ್ತೆ. ಗಾಳಿ 2-3 ಡಿಗ್ರಿ ಇದ್ರೂ ಗ್ಲಾಸಿನ ಮೈ ಸೊನ್ನೆಗಿಂತ ಕೆಳಗೆ ಹೋಗಿರತ್ತೆ, ಗಾಳಿಲಿರೋ ತೇವ ಅಲ್ಲೇ ಕೂತು ಹೆಪ್ಪುಗಟ್ಟತ್ತೆ. ಸೈಡ್ ಗ್ಲಾಸ್‌ಗಿಂತ ಮುಂದಿನ ಗ್ಲಾಸಲ್ಲಿ ಐಸ್ ದಪ್ಪ ಇರೋದೂ ಇದಕ್ಕೇ, ಅದು ಓರೆಯಾಗಿ ಆಕಾಶ ನೋಡ್ತಾ ಇರತ್ತೆ. ಮರದ ಕೆಳಗೋ ಶೆಡ್ ಕೆಳಗೋ ನಿಂತ ಕಾರಲ್ಲಿ ಕಮ್ಮಿ ಇರೋದನ್ನ ನೀವೇ ನೋಡಿರ್ತೀರ. ಕವರ್ ಹಾಕಿದಾಗ ಆ ತೇವ ಎಲ್ಲಾ ಕವರ್ ಮೇಲೆ ಕೂರತ್ತೆ, ಗ್ಲಾಸು ಬಚಾವ್. ಸೋ ಸೊನ್ನೆ ತೋರಿಸ್ಲಿ ಆಮೇಲೆ ಹಾಕೋಣ ಅಂತ ಕಾಯ್ಬೇಡಿ, ರಾತ್ರಿ 4 ಡಿಗ್ರಿ ಹತ್ರ ಇಳಿಯತ್ತೆ, ಆಕಾಶ ಕ್ಲಿಯರ್ ಅಂದ್ರೆ ಹಾಕ್ಬಿಡಿ.

ತಗೊಳೋ ಮುಂಚೆ ಟೇಪ್ ಹಿಡಿದು ಗ್ಲಾಸ್ ಅಳತೆ ಮಾಡಿ, ಕೆಳಗಡೆ ಅಂಚಿನ ಅಗಲ ಮತ್ತೆ ಮಧ್ಯದಲ್ಲಿ ಎತ್ತರ. ಯೂನಿವರ್ಸಲ್ ಸೈಜ್ ಅಂತ ಬರೆದಿರೋದನ್ನ ನಂಬಿ ತಂದ್ರೆ ದೊಡ್ಡ ಎಸ್‌ಯುವಿಗೆ ಎರಡು ಮೂಲೆ ಬಿಟ್ಟೇ ಹೋಗತ್ತೆ. ಕೆಳಗಡೆ ವೈಪರ್ ಕೂರೋ ಜಾಗನೂ ಮುಚ್ಚೋ ಅಷ್ಟು ಉದ್ದ ಇರ್ಲಿ. ನೀರು ಹೀರದೇ ಇರೋ ಬಟ್ಟೆ ಆಗ್ಬೇಕು, ಟವೆಲ್ಲು, ಬೆಡ್‌ಶೀಟು, ರಟ್ಟು ಇವೆಲ್ಲ ಒದ್ದೆ ಆದ್ರೆ ಗ್ಲಾಸಿಗೇ ಅಂಟತ್ತೆ. ಎರಡೂ ಕಡೆ ಬಾಗಿಲ ಒಳಗೆ ಸಿಕ್ಕಿಸೋ ಪಟ್ಟಿ ಇರೋದು ಒಳ್ಳೇದು, ಬಾಗಿಲು ಹಾಕಿದ್ಮೇಲೆ ಗಾಳಿಗೂ ಹಾರಲ್ಲ, ಯಾರೂ ಸುಲಭಕ್ಕೆ ಎತ್ಕೊಂಡೂ ಹೋಗಲ್ಲ. ಬರೀ ಮ್ಯಾಗ್ನೆಟ್ ನಂಬ್ಕೊಂಡಿರೋದು ನಂಗೆ ಅಷ್ಟು ಇಷ್ಟ ಆಗಿಲ್ಲ. ಕೆಲವು ಕಾರುಗಳ ಬಾಡಿ ಅಲ್ಯೂಮಿನಿಯಂ ಇರತ್ತೆ, ಅಲ್ಲಿ ಮ್ಯಾಗ್ನೆಟ್ ಹಿಡಿಯೋದೇ ಇಲ್ಲ, ಹಿಡಿದ ಕಡೆನೂ ಅದರ ಕೆಳಗೆ ಮರಳು ಧೂಳು ಸಿಕ್ಕಾಕ್ಕೊಂಡ್ರೆ ಗಾಳಿಗೆ ಅಲ್ಲಾಡಿ ಅಲ್ಲಾಡಿ ಪೇಂಟ್ ಮೇಲೆ ಗೀರು ಬೀಳತ್ತೆ.

ಇನ್ನು ಹಾಕೋ ರೀತಿ. ಕಾರ್ ನಿಲ್ಸೋ ಮುಂಚೆ ವೈಪರ್ ಆಫ್ ಮಾಡಿ, ಅದು ಕೆಳಗೆ ತನ್ನ ಜಾಗಕ್ಕೆ ಬಂದು ಕೂತ ಮೇಲೆ ಎಂಜಿನ್ ಆಫ್ ಮಾಡಿ. ಆಟೋ ವೈಪರ್ ಇರೋ ಕಾರಾದ್ರೆ ಆಟೋನೂ ತೆಗೀಬೇಕು, ಇಲ್ಲಾಂದ್ರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಹೆಪ್ಪುಗಟ್ಟಿ ಕೂತಿರೋ ವೈಪರ್ ಎದ್ದೇಳೋಕೆ ಹೋಗಿ ರಬ್ಬರ್ ಕಿತ್ತು ಬರತ್ತೆ, ಕೆಲವೊಮ್ಮೆ ಫ್ಯೂಸ್ ಅಥವಾ ಮೋಟರೇ ಹೋಗತ್ತೆ. ಆಮೇಲೆ ಗ್ಲಾಸ್ ಮುಟ್ಟಿ ನೋಡಿ. ಒದ್ದೆ ಇದ್ರೆ ಒಣ ಬಟ್ಟೆಲಿ ಒರೆಸಿ, ಧೂಳು ಇದ್ರೂ ಒರೆಸಿ, ಇದೊಂದನ್ನ ಮಾತ್ರ ಬಿಡ್ಲೇಬೇಡಿ. ವೈಪರನ್ನೂ ಕವರ್ ಒಳಗೇ ಬಿಡಿ, ರಬ್ಬರಿಗೆ ಐಸ್ ಹತ್ತಲ್ಲ. ಕವರ್ ಹಾಕಿದ್ಮೇಲೆ ಬಾಗಿಲ ಹತ್ರ ಮಡಿಕೆ ಬೀಳದ ಹಾಗೆ ಬಿಗಿಯಾಗಿ ಎಳೀರಿ, ಸಡಿಲ ಇದ್ರೆ ಗಾಳಿ ಒಳಗೆ ನುಗ್ಗಿ ರಾತ್ರಿಯೆಲ್ಲ ಪಟಪಟ ಅಂತಿರತ್ತೆ. ಪಟ್ಟಿನ ಬಾಗಿಲ ಸಂದಿಲಿ ಪೂರ್ತಿ ಒಳಗೆ ತಳ್ಳಿ, ಅರ್ಧ ಹೊರಗೆ ಇದ್ರೆ ಮಳೆ ನೀರು ಅದ್ರ ಮೇಲೇ ಹರ್ಕೊಂಡು ಕಾರೊಳಗೆ ಇಳಿಯತ್ತೆ.

ಮಳೆ ಬಂದು ಆಮೇಲೆ ಐಸ್ ಆಗೋ ರಾತ್ರಿ ಕವರ್‌ಗೂ ಕಷ್ಟನೇ, ನೀರು ಅಂಚಿಂದ ಒಳಗೆ ಇಳಿದು ಹೆಪ್ಪುಗಟ್ಟತ್ತೆ. ಆಗ ಕವರನ್ನ ಜೋರಾಗಿ ಕೀಳ್ಬೇಡಿ, ಹೀಟರ್ ಹಾಕಿ ಐದ್ಹತ್ತು ನಿಮಿಷ ಕೊಡಿ, ತಾನೇ ಸಡಿಲ ಆಗತ್ತೆ.

ಬೆಳಿಗ್ಗೆ ಸ್ನೋ ಬಿದ್ದಿದ್ರೆ ಮೊದಲು ಬ್ರಷ್‌ನಿಂದ ಕಾರಿನ ಟಾಪ್ ಮೇಲಿರೋದನ್ನ ಪಕ್ಕಕ್ಕೆ ತಳ್ಳಿ, ಆಮೇಲೆ ಕವರ್ ತೆಗೀರಿ, ಉಲ್ಟಾ ಮಾಡಿದ್ರೆ ಮೇಲಿನದು ಎಲ್ಲಾ ಕ್ಲೀನ್ ಗ್ಲಾಸ್ ಮೇಲೇ ಬೀಳತ್ತೆ. ಟಾಪ್ ಮೇಲೆ ಸ್ನೋ ಹಂಗೇ ಬಿಟ್ಟು ಹೊರಟ್ರೆ ಬ್ರೇಕ್ ಹಾಕಿದಾಗ ಪೂರ್ತಿ ರಾಶಿ ಜಾರ್ಕೊಂಡು ಮುಂದೆ ಬಂದು ಏನೂ ಕಾಣ್ದಂಗಾಗತ್ತೆ, ಇಲ್ಲಾ ಹಿಂದಿನ ಗಾಡಿ ಮೇಲೆ ಹಾರತ್ತೆ, ಬಹಳ ಕಡೆ ಇದಕ್ಕೆ ಫೈನೂ ಇದೆ. ಸೈಡ್ ಗ್ಲಾಸು, ಹಿಂದಿನ ಗ್ಲಾಸು, ಲೈಟು, ಕ್ಯಾಮೆರಾ ಇವೆಲ್ಲ ಕೈಲೇ ಕ್ಲೀನ್ ಮಾಡ್ಬೇಕು, ಕವರ್ ಇತ್ತು ಅಂತ ಮರೀಬೇಡಿ. ಸೈಲೆನ್ಸರ್ ಬಾಯಿ ಸ್ನೋದಲ್ಲಿ ಮುಚ್ಚಿಲ್ಲ ಅಂತ ನೋಡ್ಕೊಂಡೇ ಎಂಜಿನ್ ಸ್ಟಾರ್ಟ್ ಮಾಡಿ. ಮುಚ್ಚಿದ್ರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರತ್ತೆ, ಅದಕ್ಕೆ ವಾಸನೆನೂ ಇಲ್ಲ ಬಣ್ಣನೂ ಇಲ್ಲ, ಮಕ್ಕಳನ್ನ ಒಳಗೆ ಕೂರ್ಸಿ ನೀವು ಹೊರಗೆ ಸ್ನೋ ತೆಗೀತಿದ್ರೆ ಗೊತ್ತೇ ಆಗಲ್ಲ.

ಕವರ್ ಹಾಕೋಕೆ ಮರೆತ ದಿನ ಬಿಸಿ ನೀರು ಮಾತ್ರ ಸುರೀಬೇಡಿ, ಕೈ ಮುಗಿದು ಕೇಳ್ಕೊಳ್ತೀನಿ. ಮುಂದಿನ ಗ್ಲಾಸ್ ಅಂದ್ರೆ ಎರಡು ಗ್ಲಾಸಿನ ಮಧ್ಯ ಒಂದು ಪ್ಲಾಸ್ಟಿಕ್ ಪದರ ಇಟ್ಟು ಮಾಡಿರೋದು, ಕಲ್ಲು ಸಿಡಿದು ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕೆ ಬಿದ್ದಿದ್ರೂ ಸಾಕು, ಬಿಸಿ ತಾಗಿದ ಕ್ಷಣ ಅಲ್ಲಿಂದ ಬಿರುಕು ಓಡತ್ತೆ. ಬಿರುಕು ಬಿಡದೇ ಇದ್ರೂ ಆ ನೀರು ಮತ್ತೆ ಹೆಪ್ಪುಗಟ್ಟತ್ತೆ. ಪ್ಲಾಸ್ಟಿಕ್ ಸ್ಕ್ರೇಪರ್ ಇಟ್ಕೊಳಿ, ಇಲ್ಲಾ ಎರಡು ಪಾಲು ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಪಾಲು ನೀರು ಸೇರ್ಸಿ ಸ್ಪ್ರೇ ಬಾಟಲ್ ಮಾಡ್ಕೊಳಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಡೀಫ್ರಾಸ್ಟ್ (ಗ್ಲಾಸಿಗೆ ಬಿಸಿ ಗಾಳಿ ಬಿಡೋದು) ಹಾಕಿದಾಗ ಎಸಿನೂ ಆನ್ ಇರ್ಲಿ, ಚಳೀಲಿ ಎಸಿನಾ ಅನ್ಬೇಡಿ, ಅದು ಗಾಳಿಲಿರೋ ತೇವ ಹೀರತ್ತೆ, ಒಳಗಡೆ ಕಟ್ಟಿರೋ ಮಬ್ಬು ಬೇಗ ಬಿಡತ್ತೆ.

ಬೇಸಿಗೆಗೆ ಬೇರೆ ಥರದ ಕವರ್, ಹೊಳೆಯೋ ಬೆಳ್ಳಿ ಬಣ್ಣದ್ದು. ಗ್ಲಾಸ್ ಹೊರಗಡೆ ಹಾಕೋದು ಒಳಗಡೆ ಇಡೋದಕ್ಕಿಂತ ಚೆನ್ನಾಗಿ ಕೆಲಸ ಮಾಡತ್ತೆ, ಬಿಸಿಲು ಗ್ಲಾಸ್ ದಾಟೋ ಮುಂಚೆನೇ ತಡೀತದೆ. ಸ್ಟಿಯರಿಂಗ್ ಮುಟ್ಟೋ ಹಾಗಿರತ್ತೆ, ಡ್ಯಾಶ್‌ಬೋರ್ಡ್ ಬಿರಿಯೋದೂ ಕಮ್ಮಿ. ಆದ್ರೆ ಹೊರಗೆ 30 ಡಿಗ್ರಿ ಇದ್ರೆ ನಿಲ್ಸಿದ ಕಾರೊಳಗೆ ಅರ್ಧ ಗಂಟೇಲಿ 45 ದಾಟಬಹುದು, ಕವರ್ ಇದೆ ಅಂತ ಮಗುನ ಐದು ನಿಮಿಷಕ್ಕೂ ಒಳಗೆ ಬಿಡ್ಬೇಡಿ. ಆಲಿಕಲ್ಲು ಮಳೆಗೆ ತೆಳು ಕವರ್ ಯಾವ್ದೂ ಉಪಯೋಗಕ್ಕೆ ಬರಲ್ಲ, ಮುನ್ಸೂಚನೆ ಇದ್ರೆ ಕಾರನ್ನೇ ಸೂರಿನ ಕೆಳಗೆ ತಗೊಂಡ್ಹೋಗಿ.

ಚಳಿಗಾಲದಲ್ಲಿ ತೆಗೆದ ಒದ್ದೆ ಕವರನ್ನ ಒದರಿ, ಡಿಕ್ಕಿಲಿ ಒಂದು ಪ್ಲಾಸ್ಟಿಕ್ ಟಬ್ ಇಟ್ಟು ಅದ್ರಲ್ಲಿ ಹಾಕಿ, ಹಿಂದಿನ ಸೀಟಲ್ಲಿ ಬಿಟ್ರೆ ನೀರೆಲ್ಲ ಕಾರೊಳಗೇ ಆವಿಯಾಗಿ ಮರುದಿನ ಗ್ಲಾಸ್ ಒಳಗಡೆ ಐಸ್ ಕಟ್ಟತ್ತೆ. ವಾರಕ್ಕೊಂದ್ಸಲ ಮನೆ ಒಳಗೆ ಬಿಚ್ಚಿ ಒಣಗಿಸಿ, ಮಡಚಿದ ಜಾಗದಲ್ಲಿ ಬೂಷ್ಟು ಹಿಡೀದಂಗೆ ಇರತ್ತೆ. ಹೊಸ ಕವರ್ ತಂದ್ರೆ ಮೊದಲ ಸಲ ಹಗಲು ಹೊತ್ತಲ್ಲೇ ಒಂದು ಸಲ ಹಾಕಿ ತೆಗೆದು ಅಭ್ಯಾಸ ಮಾಡ್ಕೊಳಿ, ಗೊತ್ತಾಗ್ಲಿಲ್ಲ ಅಂದ್ರೆ ಗ್ರೂಪಲ್ಲಿ ಒಂದು ಮೆಸೇಜ್ ಹಾಕಿ, ಹತ್ರ ಇರೋರು ಯಾರಾದ್ರೂ ಬಂದು ಹಾಕಿ ತೋರಿಸ್ತೀವಿ.