ಚಿಲ್ಲರೆಯನ್ನೂ ಸರಕಿನಂತೆ ತರಿಸಬೇಕು: ಕಿರಾಣಿ ಅಂಗಡಿಯ ನನ್ನ ಅನುಭವ

ವಿಜಯಪುರದ ಗಾಂಧಿ ಚೌಕದಿಂದ ಸ್ವಲ್ಪ ಒಳಗೆ, ಒಂದು ಗಲ್ಲಿಯಲ್ಲಿ ನಮ್ಮ ಕಿರಾಣಿ ಅಂಗಡಿ ಇದೆ. ಬೇಳೆ, ಎಣ್ಣೆ, ಸಕ್ಕರೆ ಯಾವಾಗ ತೀರುತ್ತದೆ ಎಂದು ಮೊದಲೇ ಅಂದಾಜು ಸಿಗುತ್ತದೆ. ಚಿಲ್ಲರೆ ಮಾತ್ರ ಹೇಳದೆ ಕೇಳದೆ ತೀರುತ್ತದೆ. ಅದೂ ಬೆಳಗ್ಗೆ, ಬೋಣಿಗೆ ಹೊತ್ತಿನಲ್ಲೇ. ಹಾಲಿನ ಪಾಕೀಟು, ಬ್ರೆಡ್ಡು, ಶಾಲೆ ಹುಡುಗರ ಪೆನ್ನು, ಆ ಹೊತ್ತಿನದೆಲ್ಲ ಸಣ್ಣ ವ್ಯಾಪಾರ. ಗಿರಾಕಿ ಕೈಯಲ್ಲಿರುವುದು ಐನೂರರ ನೋಟು.

ಗೃಹಲಕ್ಷ್ಮಿಯ 2,000 ರೂಪಾಯಿ ಖಾತೆಗೆ ಬಿದ್ದ ವಾರವಂತೂ ಕೇಳಲೇಬೇಡಿ. ಎಟಿಎಂ ಕೊಡುವುದು ನಾಲ್ಕು ಐನೂರರ ನೋಟು. ಆ ನಾಲ್ಕೂ ನಮ್ಮಂಥ ಅಂಗಡಿಗಳಲ್ಲೇ ಮುರಿಯಬೇಕು. ನೂರು, ಇನ್ನೂರರ ನೋಟುಗಳೂ ಎಟಿಎಂನಲ್ಲಿ ಸಿಗಬೇಕು ಎಂದು ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಬ್ಯಾಂಕುಗಳಿಗೆ ಹೇಳಿತು. 2026ರ ಮಾರ್ಚ್ ಕೊನೆಯೊಳಗೆ ಶೇ. 90ರಷ್ಟು ಎಟಿಎಂಗಳಲ್ಲಿ ಆಗಬೇಕು ಎಂದು ಗಡುವೂ ಕೊಟ್ಟಿತು. ಐನೂರರ ಬದಲು ನೂರರ ನೋಟು ಬಂದರೆ ನನ್ನ ಅರ್ಧ ತಲೆನೋವು ಹೋದ ಹಾಗೆ. ಉಳಿದ ಅರ್ಧಕ್ಕೆ ನಾನೇ ದಾರಿ ಹುಡುಕಬೇಕು.

‘ದಯವಿಟ್ಟು ಚಿಲ್ಲರೆ ಕೊಟ್ಟು ಸಹಕರಿಸಿ’ ಎಂಬ ಬೋರ್ಡು ಎಷ್ಟೋ ಅಂಗಡಿಗಳಲ್ಲಿ ನೇತಾಡುತ್ತದೆ. ಅದನ್ನು ಓದಿ ಮನೆಗೆ ಹೋಗಿ ಚಿಲ್ಲರೆ ತಂದವರನ್ನು ನಾನಂತೂ ನೋಡಿಲ್ಲ. ಚಾಕಲೇಟು ಕೊಟ್ಟು ಕೈ ತೊಳೆದುಕೊಳ್ಳುವುದೂ ನನಗೆ ಸರಿ ಬರುವುದಿಲ್ಲ. ಅವರು ಕೇಳದ ಸಾಮಾನನ್ನು ಅವರದೇ ದುಡ್ಡಿಗೆ ಮಾರಿದ ಹಾಗೆ ಅಲ್ವಾ ಅದು? ಹಿಂದೆ ಒಂದು ರೂಪಾಯಿ ಬದಲು ಕಡ್ಡಿಪೆಟ್ಟಿಗೆ ಕೊಟ್ಟರೆ ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಒಲೆಗೋ ದೀಪಕ್ಕೋ ಬೇಕೇ ಬೇಕಿತ್ತು. 2021ರ ಡಿಸೆಂಬರ್‌ನಿಂದ ಕಡ್ಡಿಪೆಟ್ಟಿಗೆಗೂ ಎರಡು ರೂಪಾಯಿ ಆಯಿತು. ಆ ದಾರಿಯೂ ಮುಚ್ಚಿತು.

ಹಾಗಾಗಿ ನಾನು ಮಾಡಿದ್ದು ಇಷ್ಟೇ. ಗಿರಾಕಿ ತಂದಾರು ಎಂದು ಕಾಯುವುದು ಬಿಟ್ಟೆ. ಚಿಲ್ಲರೆ ಎಲ್ಲಿ ಸೇರುತ್ತದೋ ಅಲ್ಲಿಂದ ತರಿಸಲು ಶುರು ಮಾಡಿದೆ. ಬೇಳೆಗೆ ಒಬ್ಬ ವ್ಯಾಪಾರಿ, ಎಣ್ಣೆಗೆ ಒಬ್ಬ ಇದ್ದ ಮೇಲೆ ಚಿಲ್ಲರೆಗೂ ಯಾರಾದರೂ ಬೇಕಲ್ಲ.

ನನ್ನ ದೊಡ್ಡ ಆಸರೆ ಹಿಟ್ಟಿನ ಗಿರಣಿ. ಜೋಳ, ಗೋಧಿ ಬೀಸಿಸಲು ಬರುವವರು ಬೀಸಿದ ದುಡ್ಡನ್ನು ಬಿಡಿ ಕಾಸಿನಲ್ಲೇ ಕೊಡುತ್ತಾರೆ. ನಮ್ಮ ಓಣಿಯ ಗಿರಣಿ ಕಾಕಾನ ಬಳಿ ಎಣ್ಣೆಯ ಹಳೇ ಡಬ್ಬಿ ಇದೆ. ಸಂಜೆ ಹೊತ್ತಿಗೆ ಅದರಲ್ಲಿ ನಾಣ್ಯ ತುಂಬಿರುತ್ತದೆ, ಎಲ್ಲದಕ್ಕೂ ಬಿಳಿ ಹಿಟ್ಟು ಮೆತ್ತಿರುತ್ತದೆ. ಕಾಕಾ ಅದನ್ನು ಒಂದು ಹರಕು ಸಾಣಿಗೆಗೆ ಸುರಿದು ಜಾಡಿಸುತ್ತಾನೆ. ಹಿಟ್ಟು ಕೆಳಗೆ, ರೊಕ್ಕ ಮೇಲೆ. ಆಮೇಲೆ ಹತ್ತರಂತೆ ಒಟ್ಟಿ ಕಲ್ಲಿನ ಮೇಲೆ ಸಾಲಾಗಿ ನಿಲ್ಲಿಸುತ್ತಾನೆ. ನಾನು ಐನೂರರ ನೋಟು ಕೊಟ್ಟು ಚೀಲ ಎತ್ತಿಕೊಂಡು ಬರುತ್ತೇನೆ. ಪೇಟೆಯಲ್ಲಿ ಚಿಲ್ಲರೆಗೆ ಕಮಿಷನ್ ಕೇಳುವವರೂ ಇದ್ದಾರೆ. ಕಾಕಾ ಕೇಳುವುದಿಲ್ಲ. ಬದಲಿಗೆ ಆತನ ಮನೆಯ ಸಾಮಾನಿನ ಚೀಟಿ ಬಂದರೆ ಎಷ್ಟೇ ಗದ್ದಲ ಇರಲಿ, ಅದನ್ನು ಮೊದಲು ಕಟ್ಟಿ ಕಳಿಸುತ್ತೇನೆ.

ಎರಡನೆಯವನು ಪಿಗ್ಮಿ ಹುಡುಗ. ದಿನಾ ಚಹಾ ಅಂಗಡಿ, ಪಾನ್ ಅಂಗಡಿ ಸುತ್ತಿ ಹತ್ತು, ಇಪ್ಪತ್ತು, ಐವತ್ತರ ನೋಟು ಕೂಡಿಸುತ್ತಾನೆ. ಸೊಸೈಟಿಗೆ ಕಟ್ಟುವಾಗ ಅವನಿಗೆ ದೊಡ್ಡ ನೋಟು ಇದ್ದರೆ ಎಣಿಸುವ ಕೆಲಸ ಕಡಿಮೆ. ನನಗೆ ಬೇಕಾದದ್ದು ಸಣ್ಣ ನೋಟು. ಇಬ್ಬರಿಗೂ ಲಾಭ. ಮೊದಲು ನಮ್ಮ ಅಂಗಡಿಗೆ ಮಧ್ಯಾಹ್ನ ಬರುತ್ತಿದ್ದ, ಈಗ ಸುತ್ತು ಮುಗಿಸಿ ಕೊನೆಗೆ ಬಾ ಎಂದು ಹೇಳಿದ್ದೇನೆ. ಸಿದ್ಧೇಶ್ವರ ಗುಡಿ ಹತ್ತಿರ ಹೂವು, ಕಾಯಿ ಮಾರುವವರೂ ಸೋಮವಾರ ಸಂಜೆ ಒಂದಿಷ್ಟು ಕೊಡುತ್ತಾರೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಆದ ಮೇಲಂತೂ ಕೆಲವು ದಿನ ಸುಗ್ಗಿ. ಆಟಿಕೆ, ಮಿಠಾಯಿ ಅಂಗಡಿಯವರು ಊರು ಬಿಡುವ ಮೊದಲು ಭಾರ ಇಳಿಸಿಕೊಳ್ಳಲು ತಾವೇ ಕೇಳಿಕೊಂಡು ಬರುತ್ತಾರೆ.

ಎಣಿಕೆಗೆ ತಕ್ಕಡಿ ಬಳಸುತ್ತೇನೆ. ಹತ್ತರ ನಾಣ್ಯ ಒಂದಕ್ಕೆ 7.71 ಗ್ರಾಂ. ನೂರು ನಾಣ್ಯ ಇಟ್ಟರೆ 770 ಗ್ರಾಂ ಆಸುಪಾಸು ತೋರಿಸಬೇಕು. ಒಂದು ಕಡಿಮೆ ಇದ್ದರೂ ಎಲೆಕ್ಟ್ರಾನಿಕ್ ತಕ್ಕಡಿ ಹಿಡಿಯುತ್ತದೆ. ಒಂದು, ಎರಡು ರೂಪಾಯಿಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಹಳೆಯ ದೊಡ್ಡ ಒಂದು ರೂಪಾಯಿ 4.85 ಗ್ರಾಂ. 2011ರಲ್ಲಿ ಬಂದ ಒಂದು ರೂಪಾಯಿ 3.79 ಗ್ರಾಂ, 2019ರದ್ದು ಇನ್ನೂ ಸಣ್ಣದು. ಮಜಾ ಏನೆಂದರೆ, 2011ರ ಎರಡು ರೂಪಾಯಿಯ ತೂಕವೂ 4.85 ಗ್ರಾಂ. ಅಗಲವೂ ಹಳೆಯ ಒಂದು ರೂಪಾಯಿಯಷ್ಟೇ, 25 ಮಿಲಿಮೀಟರ್. ತಕ್ಕಡಿಗೂ ಗೊತ್ತಾಗುವುದಿಲ್ಲ, ಬೆರಳಿಗೂ ಗೊತ್ತಾಗುವುದಿಲ್ಲ. ಸಂಜೆ ಕರೆಂಟ್ ಹೋದಾಗ ಇದೇ ಗದ್ದಲ. ಅದಕ್ಕೆ ಗಲ್ಲೆಯಲ್ಲಿ ಒಂದಕ್ಕೆ ಸ್ಟೀಲ್ ಬಟ್ಟಲು, ಎರಡಕ್ಕೆ ಪ್ಲಾಸ್ಟಿಕ್ ಬಟ್ಟಲು ಇಟ್ಟಿದ್ದೇನೆ. ಹಗಲಲ್ಲೇ ನೋಡಿ ಬೇರೆ ಮಾಡಿಬಿಡುತ್ತೇನೆ.

ಇನ್ನು ಹತ್ತರ ನಾಣ್ಯದ ಕಥೆ. ಹತ್ತು ಗೆರೆ ಇದ್ದದ್ದು ನಡೆಯುತ್ತದೆ, ಹದಿನೈದು ಗೆರೆ ಇದ್ದದ್ದು ಖೋಟಾ ಎಂದು ಯಾರೋ ಹಬ್ಬಿಸಿದರು. ಹದಿನಾಲ್ಕು ವಿನ್ಯಾಸದ ಹತ್ತರ ನಾಣ್ಯಗಳಿವೆ, ರೂಪಾಯಿ ಚಿಹ್ನೆ ಇರಲಿ ಬಿಡಲಿ ಎಲ್ಲವೂ ನಡೆಯುತ್ತವೆ ಎಂದು 2018ರ ಜನವರಿಯಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ. ಅದನ್ನು ಗಿರಾಕಿಗೆ ಹೇಳಿ ನೋಡಿದ್ದೇನೆ, ಉಪಯೋಗ ಇಲ್ಲ.

“ಬ್ಯಾಡಪಾ, ಇದು ಎಲ್ಲೂ ನಡ್ಯಾಂಗಿಲ್ಲ. ನೋಟ್ ಇದ್ರ ಕೊಡು.”

“ಯವ್ವಾ, ನಡೀಲಿಲ್ಲಂದ್ರ ತಿರುಗಿ ನನಗ ತಂದು ಕೊಡು. ನಾ ತಗೋತೀನಿ.”

ಈ ಮಾತು ಕೆಲಸ ಮಾಡಿತು. ಮೂರ್ನಾಲ್ಕು ದಿನಕ್ಕೆ ಆ ಮುದುಕಿ ಅದೇ ನಾಣ್ಯ ತಂದು ಚಹಾಪುಡಿ ಒಯ್ದಳು. ಹಾಗೇ ಸುದ್ದಿ ಹರಡಿ, ಬೇರೆ ಕಡೆ ಬೇಡ ಎಂದ ಹತ್ತರ ನಾಣ್ಯಗಳೆಲ್ಲ ನಮ್ಮ ಅಂಗಡಿಗೇ ಬರುತ್ತವೆ. ಉಳಿದವರು ಬೇಡ ಎಂದಷ್ಟೂ ನನ್ನ ಬಟ್ಟಲು ತುಂಬುತ್ತದೆ. ಅವರು ಹಾಗೇ ಇರಲಿ ಬಿಡಿ!

ಆದರೆ ಜಾಸ್ತಿಯಾದರೆ ಬ್ಯಾಂಕಿಗೆ ಕಟ್ಟಲೇಬೇಕು. ಒಮ್ಮೆ ಒಂದು ಶಾಖೆಯಲ್ಲಿ ನಾಣ್ಯದ ಚೀಲ ನೋಡಿದ ಕೂಡಲೇ “ಎಣಿಸೋರ್ ಯಾರ್ರಿ? ನಾಳೆ ಬರ್ರಿ” ಎಂದರು. ಮರುದಿನವೂ ಅದೇ ಮಾತು. ನಾಣ್ಯ ತೆಗೆದುಕೊಳ್ಳುವುದಿಲ್ಲ ಎಂದು ಬ್ಯಾಂಕುಗಳು ಹೇಳುವ ಹಾಗಿಲ್ಲ, ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. ನೂರು ನಾಣ್ಯಕ್ಕೆ ಒಂದು ಪ್ಲಾಸ್ಟಿಕ್ ಚೀಲ ಮಾಡಿ ಒಯ್ದರೆ ಅವರಿಗೂ ಅನುಕೂಲ ಎಂಬುದೂ ಅದರಲ್ಲೇ ಇದೆ. ಈಗ ಹಾಗೇ ಕಟ್ಟಿ, ಮೇಲೆ ಚೀಟಿ ಅಂಟಿಸಿ, ತಿಂಗಳ ನಡುವೆ ಜನ ಕಡಿಮೆ ಇರುವಾಗ ಹೋಗುತ್ತೇನೆ. ಜಗಳ ಆಗುವುದಿಲ್ಲ. ಇನ್ನೊಂದು ಮಾತು. ಒಂದು ರೂಪಾಯಿ ಮತ್ತು ಅದರ ಮೇಲಿನ ನಾಣ್ಯಗಳು 2011ರ ನಾಣ್ಯ ಕಾಯ್ದೆ ಪ್ರಕಾರ ಒಂದು ಸಾವಿರ ರೂಪಾಯಿವರೆಗೆ ಕಾನೂನುಬದ್ಧ ಪಾವತಿ. ನಾನು ಸಗಟು ವ್ಯಾಪಾರಿಗೆ ಕೊಡುವಾಗ ಆ ಮಿತಿಯೊಳಗೇ ಕೊಡುತ್ತೇನೆ. ಆತ ಮುಖ ಸಿಂಡರಿಸಿದರೂ ಬೇಡ ಎನ್ನುವುದಿಲ್ಲ.

ಇಷ್ಟೆಲ್ಲಾ ಮಾಡಿದರೂ ಕೆಲವು ದಿನ ಮೂರು ರೂಪಾಯಿಗೂ ಗತಿ ಇರುವುದಿಲ್ಲ. ಅದಕ್ಕೆ ಉದ್ರಿ ವಹಿಯನ್ನು ತಿರುವಿ ಹಿಂದಿನಿಂದ ಬರೆಯುತ್ತೇನೆ. ಮುಂದಿನ ಪುಟಗಳಲ್ಲಿ ಅವರು ನನಗೆ ಕೊಡಬೇಕಾದದ್ದು, ಹಿಂದಿನ ಪುಟಗಳಲ್ಲಿ ನಾನು ಅವರಿಗೆ ಕೊಡಬೇಕಾದದ್ದು. ಬಸ್ಸಿನ ಕಂಡಕ್ಟರ್ ಟಿಕೆಟ್ ಹಿಂದೆ ಬರೆದುಕೊಟ್ಟರೆ ಇಳಿಯುವಾಗ ಕೇಳುವುದು ನಮ್ಮ ಕೆಲಸ. ಇಲ್ಲಿ ನೆನಪಿಟ್ಟು ಕೊಡುವುದು ನನ್ನ ಕೆಲಸ. ಗಿರಾಕಿ ಮರೆತರೂ ನಾನೇ “ಅಕ್ಕಾರ, ನಿಮ್ಮದು ಮೂರು ರೂಪಾಯಿ ಐತ್ರಿ” ಎಂದು ಬಿಲ್ಲಿನಲ್ಲಿ ಕಳೆಯುತ್ತೇನೆ. ಮೂರು ರೂಪಾಯಿಗೆ ನಾನು ಇಷ್ಟು ಮಾಡಿದ್ದು ನೋಡಿ ಉದ್ರಿ ತೀರಿಸುವಲ್ಲಿಯೂ ಕೆಲವರು ಚುರುಕಾದರು. ಇದು ನಾನು ಎಣಿಸಿರದ ಲಾಭ.

ಬಿಡಿ ಸಾಮಾನಿಗೆ ಇನ್ನೊಂದು ರೂಢಿ ಮಾಡಿದೆ. ಕಾಲು ಕಿಲೋ ಎನ್ನುವ ಬದಲು ‘ಇಪ್ಪತ್ತರದ್ದು ಸಕ್ಕರೆ, ಮೂವತ್ತರದ್ದು ಬೇಳೆ’ ಎಂದು ಕೇಳಿದರೆ ತಕ್ಕಡಿಯೇ ದುಡ್ಡಿಗೆ ಸರಿಯಾದ ತೂಕ ತೋರಿಸುತ್ತದೆ. ಕಂಪನಿ ಪಾಕೀಟುಗಳಿಗೆ ಈ ಮಾತು ನಡೆಯುವುದಿಲ್ಲ. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಇಳಿದಾಗ ಐದು ರೂಪಾಯಿಯ ಬಿಸ್ಕಿಟ್ ಪಾಕೀಟಿನ ದರ ನಾಲ್ಕೂವರೆ ಆಸುಪಾಸು ಬಂತು. ಐವತ್ತು ಪೈಸೆ ನಾಣ್ಯ ಈಗಲೂ ಕಾನೂನಿನಲ್ಲಿ ಇದೆ, ಗಲ್ಲೆಯಲ್ಲಿ ಇಲ್ಲ. ಒಂದೇ ಪಾಕೀಟು ಒಯ್ಯುವ ಹುಡುಗರಿಗೆ ನಾಲ್ಕು ರೂಪಾಯಿ ಹಿಡಿದೆ. ಎರಡು ಒಯ್ದರೆ ಒಂಬತ್ತು.

ಫೋನಿನಲ್ಲಿ ಹಾಕಿದರೆ ಈ ತಾಪತ್ರಯವೇ ಇಲ್ಲ ಎನ್ನುತ್ತೀರಿ. ನಿಜ. ನಮ್ಮ ಅಂಗಡಿಯಲ್ಲೂ ಸ್ಕ್ಯಾನರ್ ಇದೆ. ಆದರೆ 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದಾಗ ಬೆಂಗಳೂರಿನಲ್ಲಿ ಎಷ್ಟೋ ಕಡೆ ‘ನಗದು ಮಾತ್ರ’ ಎಂಬ ಚೀಟಿ ಬಿತ್ತು. ನಮ್ಮ ಸಾಲಿನಲ್ಲೂ ಕೆಲವರು ಸ್ಕ್ಯಾನರ್ ಒಳಗಿಟ್ಟರು. ಆ ದಿನಗಳಲ್ಲಿ ಪಕ್ಕದ ಅಂಗಡಿಯವರು ಐವತ್ತರ ಚಿಲ್ಲರೆಗೆ ನನ್ನ ಹತ್ತಿರ ಬರುತ್ತಿದ್ದರು. ಕೊಡುತ್ತಿದ್ದೆ, ಆದರೆ ನೋಟು ಎದುರಿಗೆ ಇಟ್ಟ ಮೇಲೆ. ಚಿಲ್ಲರೆಯಲ್ಲಿ ಮಾತ್ರ ನಾನು ಯಾರಿಗೂ ಉದ್ರಿ ಕೊಡುವುದಿಲ್ಲ.